ಸ್ಟಿಯರಿಂಗ್ ಕಿರುಗುಟ್ಟಿದ ಎರಡು ವರ್ಷ

ನಮ್ಮ ಜೀಪಿನ ಡ್ಯಾಶ್‌ಬೋರ್ಡಿನ ಎಡಗಡೆ ಒಂದು ಖಾನೆ ಇದೆ. ಅದಕ್ಕೊಂದು ಮುಚ್ಚಳವೂ ಇದೆ, ಆದರೆ ಅದು ಮುಚ್ಚಿಕೊಂಡಿರುವುದು ರಬ್ಬರ್ ಬ್ಯಾಂಡಿನ ದಯೆಯಿಂದ. ಒಳಗೆ ಏನೇನಿದೆ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಒಂದು ಕಾಲು ಮುರಿದ ಚಷ್ಮಾ, ಸುಟ್ಟುಹೋದ ಎರಡು ಫ್ಯೂಜು, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಉಳಿದುಕೊಂಡ ಅಯಸ್ಕಾಂತ, ಹೊಟ್ಟೆಯುಬ್ಬರದ ಗುಳಿಗೆ, ಮುಳ್ಳಿಲ್ಲದ ಒಂದು ಕೈಗಡಿಯಾರ. ಇವೆಲ್ಲದರ ತಳದಲ್ಲಿ ಕಿರುಬೆರಳಿನಷ್ಟು ಉದ್ದದ ಕಾಗದದ ಪೊಟ್ಟಣಗಳು ಒಂದಿಷ್ಟು ಇದ್ದವು. ಅವನ್ನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೆ, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಹೆಂಗಸರು ಗಾಡಿಯಲ್ಲಿ ಇಡುವ ಪೊಟ್ಟಣದಲ್ಲಿ ಏನಿದ್ದೀತು? ಬಡೇಸೋಪು, ಏಲಕ್ಕಿ, ಯಾವುದೋ ದೇವರ ಅಂಗಾರ. ನಮ್ಮ ಮನೆಯಾಕೆ ಸುಶೀಲಾ ಇಟ್ಟಿರಬೇಕು, ಅವಳ ಗೊಡವೆ ನನಗೇಕೆ ಎಂದು ಸುಮ್ಮನಿದ್ದೆ. ಈಗ ಆ ಪೊಟ್ಟಣಗಳು ನಾನು ಬರೆಯುವ ಮೇಜಿನ ಮೇಲೆ ಸಾಲಾಗಿ ಕೂತಿವೆ. ಒಟ್ಟು ಎಂಟು. ಅವುಗಳನ್ನು ನೋಡುತ್ತ ಕೂತರೆ ಬೇರೆ ಏನನ್ನೂ ಬರೆಯಲು ಮನಸ್ಸಾಗುತ್ತಿಲ್ಲ.

ಮೊದಲು ಸಪ್ಪಳದ ಮಾತು ಹೇಳಬೇಕು. ನಮ್ಮ ಭಾಗದವರಿಗೆ ಸಪ್ಪಳದ ಮೇಲೆ ಅಂಥ ಸಿಟ್ಟೇನೂ ಇಲ್ಲ. ನನ್ನ ಅಜ್ಜ ಅಥಣಿಗೆ ಹೋಗಿ ಚಪ್ಪಲಿ ಹೊಲಿಸಿಕೊಂಡು ಬರುತ್ತಿದ್ದ. ಚರ್ಮದ ಎರಡು ಪದರಗಳ ನಡುವೆ ಒಣ ಬೀಜ ಇಟ್ಟು ಹೊಲಿಯಬೇಕೆಂದು ತಾನೇ ಎದುರಿಗೆ ಕೂತು ಹೇಳುತ್ತಿದ್ದ. ನಡೆದರೆ ಕರ್ ಕರ್ ಅನ್ನಬೇಕು, ಸಪ್ಪಳವಿಲ್ಲದ ಚಪ್ಪಲಿ ಕಳ್ಳರಿಗೆ ಎಂದು ಅವನ ವಾದ. ಅಜ್ಜ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ನಮ್ಮ ಮನೆಯಲ್ಲಿ ಸೆರಗುಗಳು ತಲೆಯ ಮೇಲೆ ಏರುತ್ತಿದ್ದವು, ಎಲೆ ಅಡಿಕೆಯ ಚೀಲ ಕಟ್ಟೆಗೆ ಬರುತ್ತಿತ್ತು, ನಾವು ಹುಡುಗರು ಗೋಲಿ ಮುಚ್ಚಿಟ್ಟು ಪಾಟಿ ಹಿಡಿಯುತ್ತಿದ್ದೆವು. ಹೊಸ ಚಪ್ಪಲಿ ಆರು ತಿಂಗಳಲ್ಲಿ ಸಪ್ಪಳ ನಿಲ್ಲಿಸಿದರೆ ಅಜ್ಜ ಅದನ್ನು ಕೆಟ್ಟುಹೋದ ಚಪ್ಪಲಿ ಎಂದೇ ಲೆಕ್ಕ ಹಿಡಿಯುತ್ತಿದ್ದ.

ಅಪ್ಪನದು ಇದಕ್ಕೆ ತದ್ವಿರುದ್ಧ. ಅವನಿಗೆ ಚಕ್ಕಡಿ ಕಿರುಗುಟ್ಟಿದರೆ ಎತ್ತಿಗಿಂತ ಮೊದಲು ತನಗೇ ನೋವಾಗುತ್ತಿತ್ತು. ಗಾಲಿಯ ನಡುವಿನ ಕಬ್ಬಿಣದ ಅಚ್ಚಿಗೆ ಹಾಕುವ ಕೀಲೆಣ್ಣೆಯ ಕೊಳವೆ ಸದಾ ಚಕ್ಕಡಿಯ ಕೆಳಗೆ ತೂಗಾಡುತ್ತಿತ್ತು. ಅದಕ್ಕೆ ಕೈ ಹಾಕಿ ಅಂಗಿ ಕಪ್ಪು ಮಾಡಿಕೊಂಡು ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ಕಬ್ಬು ಹೇರಿಕೊಂಡು ಸಾಲಾಗಿ ಬರುವ ಚಕ್ಕಡಿಗಳಲ್ಲಿ ಯಾರದು ಒಣಗಿದೆ, ಎಡಗಾಲಿಯೋ ಬಲಗಾಲಿಯೋ ಎಂಬುದನ್ನು ಅಪ್ಪ ಮನೆಯೊಳಗೆ ಊಟ ಮಾಡುತ್ತಲೇ ಹೇಳುತ್ತಿದ್ದ. ಆ ಕಿವಿ ನನಗೆ ಬರಲಿಲ್ಲ. ಅವನ ಸಿಟ್ಟು ಮಾತ್ರ ಇಡಿಯಾಗಿ ಬಂತು.

ನಾನು ಚಿಕ್ಕೋಡಿಯವನು. ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಮಾಸ್ತರಿಕೆ ಮಾಡಿದೆ. ಘರ್ಷಣೆಯ ಪಾಠ ಎಷ್ಟು ಸಲ ಹೇಳಿದ್ದೇನೋ ದೇವರೇ ಬಲ್ಲ, ಅಂದರೆ ಲೆಕ್ಕವಿಲ್ಲ. ಮಕ್ಕಳಿಗೆ ಬಹಳ ಸೇರುತ್ತಿದ್ದದ್ದು ಅರಿಷಿಣದ ಪ್ರಯೋಗ. ಕಾಗದಕ್ಕೆ ಅರಿಷಿಣ ಹಚ್ಚಿ ಒಣಗಿಸಿ ಅದರ ಮೇಲೆ ಸಾಬೂನಿನ ನೀರು ಬಿಟ್ಟರೆ ಹಳದಿ ಹೋಗಿ ರಕ್ತದ ಹಾಗೆ ಕೆಂಪಾಗುತ್ತದೆ. ಮಂತ್ರವಾದಿಗಳು ನಿಂಬೆಹಣ್ಣು ಕೊಯ್ದು ರಕ್ತ ತೋರಿಸುವುದು ಇಂಥ ಆಟದಿಂದಲೇ ಎಂದು ನಾನು ಮೇಜು ಗುದ್ದಿ ಹೇಳುತ್ತಿದ್ದೆ. ಸುತ್ತಲಿನ ಊರುಗಳಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಬೇಕಾದರೆ ನನ್ನನ್ನೇ ಕರೆಯುತ್ತಿದ್ದರು. ಪ್ರಯೋಗದ ಸಾಮಾನು ಹೇರಿಕೊಂಡು ತಿರುಗಲಿಕ್ಕೆಂದೇ ಈ ಜೀಪು ತೆಗೆದುಕೊಂಡದ್ದು. ಅದು ನನ್ನ ಬಳಿ ಬಂದಾಗಲೇ ಹಳೆಯದಾಗಿತ್ತು, ನನಗೂ ಎರಡು ಹಲ್ಲು ಹೋಗಿದ್ದವು. ಹಾಗಾಗಿ ಯಾರೂ ಯಾರನ್ನೂ ಹಂಗಿಸುವಂತಿರಲಿಲ್ಲ.

ಜೀಪಿನ ಜೊತೆಗೆ ಬಂದ ಸ್ನೇಹ ನಿಪ್ಪಾಣಿಯ ಯಶವಂತ ಮಿಸ್ತ್ರಿಯವರದು. ತಂಬಾಕಿನ ಗೋದಾಮುಗಳ ಹಿಂದೆ ಅವರ ಗ್ಯಾರೇಜು. ಗೋಡೆಗೆ ಒಂದು ಬುದ್ಧನ ಫೋಟೊ, ಅದರ ಕೆಳಗೆ ಅಂದಿನ ಮರಾಠಿ ಪತ್ರಿಕೆ, ಪಕ್ಕದಲ್ಲಿ ಅಳತೆಯ ಪ್ರಕಾರ ತೂಗುಹಾಕಿದ, ನಟ್ಟು ಬಿಚ್ಚುವ ಪಾನಾಗಳು. ದೇವರು, ದಿಂಡರು, ಹರಕೆ ಇವೆಲ್ಲವನ್ನೂ ಅವರ ಮನೆತನ ಬಿಟ್ಟು ಎರಡು ತಲೆಮಾರಾಗಿತ್ತು. ನನ್ನನ್ನು ‘ಗುರುಜಿ’ ಎಂದು ಕರೆಯುತ್ತಿದ್ದರು, ನಾನು ಅವರನ್ನು ಯಶವಂತರಾವ್ ಎನ್ನುತ್ತಿದ್ದೆ. ಬಾಜೂಕೆ ಚಹಾ ಮಾಡುವ ಹೆಂಗಸೊಬ್ಬಳಿದ್ದಳು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಅವಳ ಚಹಾ ಹಿಡಿದು ಹಳೆಯ ಟಾಯರಿನ ಮೇಲೆ ಕೂತು ಟ್ರಕ್ಕುಗಳಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಗಳನ್ನು ನೋಡಿ ನಾವಿಬ್ಬರೂ ನಗುತ್ತಿದ್ದೆವು. ನಾಲ್ಕು ಮಂದಿ ಡ್ರೈವರುಗಳು ಕೂತಿದ್ದರೆ ನಾನು ಇನ್ನೊಂದಿಷ್ಟು ದನಿ ಏರಿಸುತ್ತಿದ್ದೆ. ಈಗ ನೆನೆಸಿಕೊಂಡರೆ, ಯಶವಂತರಾವ್ ನನಗಿಂತ ಕಡಿಮೆ ನಗುತ್ತಿದ್ದರು.

ಸ್ಟಿಯರಿಂಗಿನ ಒಂದು ಸಪ್ಪಳದ ಸಲುವಾಗಿ ಈ ಮನುಷ್ಯನನ್ನು ನಾನು ಕಳೆದುಕೊಂಡೆ. ಹೇಗೆ ಎಂದು ಹೇಳುವ ಮೊದಲು, ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತನ್ನು ನಿಮಗೆ ಹೇಳಲೇಬೇಕು.

ನನ್ನ ಅವ್ವನ ತವರು ರಾಯಬಾಗದ ಹತ್ತಿರದ ಚಿಂಚಲಿ. ಮಾಯಕ್ಕ ದೇವಿಯ ಊರಿನವಳು ಅಂದ ಮೇಲೆ ಭಂಡಾರವಿಲ್ಲದೆ ಅವಳ ದಿನ ಶುರುವಾಗುತ್ತಿರಲಿಲ್ಲ. ಭಂಡಾರವೆಂದರೆ ದೇವಿಯ ಹೆಸರಿನ ಅರಿಷಿಣ ಪುಡಿ. ಪರೀಕ್ಷೆಗೆ ಹೊರಟರೆ ಹಣೆಗೆ, ಜ್ವರ ಬಂದರೆ ಹೊಟ್ಟೆಗೆ, ಆಕಳು ಈದರೆ ಕೋಡಿಗೆ. ನನ್ನ ಬಾಲ್ಯದ ಬಿಳಿ ಅಂಗಿಗಳೆಲ್ಲ ಕಾಲರಿನಲ್ಲಿ ಹಳದಿ. ನಾನು ವಿಜ್ಞಾನ ಓದಿದೆ, ಮಾಸ್ತರನಾದೆ, ಅವ್ವನಿಗೆ ಸೂಕ್ಷ್ಮಜೀವಿಗಳ ಬಗ್ಗೆ ಉಪದೇಶ ಮಾಡಿದೆ. ಅವಳು ಎಲ್ಲವನ್ನೂ ಕೇಳಿ, “ಹೌದೇನಪಾ” ಎಂದು ನನ್ನ ಹಣೆಗೆ ಒಂದು ಚಿಟಿಕೆ ಹಚ್ಚುತ್ತಿದ್ದಳು.

ಜೀಪು ಬಂದ ವರ್ಷ ಒಂದು ಸಣ್ಣ ಬಟ್ಟೆಯ ಗಂಟು ನನ್ನ ಕೈಯಲ್ಲಿಟ್ಟಳು. “ಗಾಡ್ಯಾಗ ಇಡಪಾ. ನಂಬಬ್ಯಾಡ, ಬರೇ ಇಡು” ಅಂದಳು. ಜೀಪಿನಲ್ಲಿ ಇಟ್ಟರೆ ಯಾರಾದರೂ ನೋಡಿಯಾರು ಎಂದು ಕಿಸೆಯಲ್ಲಿ ಇಟ್ಟುಕೊಂಡೆ. ಅದೇ ವಾರ ಕೊಗನೊಳ್ಳಿಯ ಹತ್ತಿರ ಹೆದ್ದಾರಿಯಲ್ಲಿ ಕಬ್ಬಿನ ಎರಡು ಟ್ರಾಲಿ ಎಳೆಯುತ್ತಿದ್ದ ಟ್ರ್ಯಾಕ್ಟರ್ ಒಮ್ಮೆಲೇ ಅಡ್ಡ ಬಂತು. ಬ್ರೇಕ್ ತುಳಿದೆ, ಜೀಪು ಜಾರುತ್ತ ಹೋಗಿ ಟ್ರಾಲಿಗೆ ಒಂದು ಗೇಣು ಉಳಿದಾಗ ನಿಂತಿತು. ಗೇಣು ಉಳಿದದ್ದು ಬ್ರೇಕಿನಿಂದ, ಟಾಯರಿನಿಂದ, ಘರ್ಷಣೆಯಿಂದ. ಇದು ನನಗೆ ಆಗಲೂ ಗೊತ್ತಿತ್ತು. ಆದರೂ ನನ್ನ ಬಲಗೈ ಸ್ಟಿಯರಿಂಗ್ ಬಿಟ್ಟು ಕಿಸೆಯ ಗಂಟನ್ನು ಹಿಡಿದುಕೊಂಡಿತ್ತು.

ಅವ್ವ ತೀರಿಕೊಂಡ ಮೇಲಿನ ಮೊದಲ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ವಾಡಿಕೆ. ಓಣಿಯವರೆಲ್ಲ ತಮ್ಮ ತಮ್ಮ ಗಾಡಿಗಳ ಮುಂದೆ ಕಾಯಿ ಒಡೆಯುತ್ತಿದ್ದರು, ನಮ್ಮ ಜೀಪೊಂದು ಬೋಳಾಗಿ ನಿಂತಿತ್ತು. ಅಂದು ಅವ್ವನಿಲ್ಲದ್ದು ಎಷ್ಟು ನೋವಾಯಿತು ಅಂದರೆ, ದೇವರ ಮನೆಯ ಡಬ್ಬಿಯಿಂದ ಒಂದು ಚಿಟಿಕೆ ಭಂಡಾರ ತೆಗೆದುಕೊಂಡು ಹೋಗಿ ಜೀಪಿನಲ್ಲಿ ಕೂತೆ. ಅದು ನಂಬಿಕೆಯೋ ಅಲ್ಲವೋ ಇವತ್ತಿಗೂ ಹೇಳಲಾರೆ. ಅವ್ವನ ಕೈ ಒಂದು ಕ್ಷಣ ಬೇಕಾಗಿತ್ತು, ಅಷ್ಟೇ. ಎಲ್ಲರ ಹಾಗೆ ಬಾನೆಟ್ಟಿಗೆ ಹಚ್ಚಬಹುದಿತ್ತು. ಆದರೆ ಹಚ್ಚಿದರೆ ಕಾಣುತ್ತದೆ, ಕಂಡರೆ ಭಾಷಣಗಳ ಗತಿ? ಸ್ಟಿಯರಿಂಗ್ ಚಕ್ರದ ನಡುವೆ ಹಾರ್ನಿನ ಗುಂಡಿ ಇರುತ್ತದಲ್ಲ, ಅದರ ಸುತ್ತ ಒಂದು ಸಣ್ಣ ಸಂದಿ. ಆ ಸಂದಿಯಲ್ಲಿ ಚಿಟಿಕೆ ಭಂಡಾರ ಉದುರಿಸಿ ಬೆರಳಿನಿಂದ ಒಳಗೆ ತಳ್ಳಿಬಿಟ್ಟೆ. ಹೊರಗೆ ಏನೂ ಕಾಣಲಿಲ್ಲ. ಆಮೇಲೆ ಪ್ರತಿ ಅಮಾವಾಸ್ಯೆಗೂ ಅದೇ ರೂಢಿಯಾಯಿತು.

ವರ್ಷಕ್ಕೊಮ್ಮೆ ಜೀಪನ್ನು ಯಶವಂತರಾವ್ ಅವರಲ್ಲಿ ಬಿಡುತ್ತಿದ್ದೆ. ಬಿಡುವ ಹೊತ್ತಿಗೆ ಸ್ಟಿಯರಿಂಗ್ ಸ್ವಲ್ಪ ಬಿಗಿಯಾಗಿರುತ್ತಿತ್ತು, ತಿರುವಿನಲ್ಲಿ ಸಣ್ಣಗೆ ಮುಲುಗುತ್ತಿತ್ತು. ತಿರುಗಿ ತರುವಾಗ ಬೆಣ್ಣೆಯ ಹಾಗೆ ಆಗಿರುತ್ತಿತ್ತು. “ಏನ್ ಮಾಡಿದ್ರಿ?” ಎಂದು ಕೇಳಿದರೆ, “ಏನಿಲ್ರಿ, ಜರಾ ಸಾಫ್ ಮಾಡೇನಿ” ಎನ್ನುತ್ತಿದ್ದರು. ನಾನೂ ಹೆಚ್ಚು ಕೇಳಲಿಲ್ಲ.

ಎರಡು ವರ್ಷದ ಹಿಂದೆ ಸುಶೀಲಾಳ ಕಣ್ಣಿನ ಆಪರೇಷನ್ ಆಯಿತು, ಮಿರಜದಲ್ಲಿ. ಅದಕ್ಕೆ ವಾರ ಮೊದಲು ಯಶವಂತರಾವ್ ಜೀಪನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟಿದ್ದರು, ಸ್ಟಿಯರಿಂಗಿನ ದಂಡ ತಿರುಗುವ ಕಡೆ ಹೊಸ ಬುಷ್, ಅಂದರೆ ಉಂಗುರದಂಥ ಬಿಲ್ಲೆ, ಹಾಕಿದ್ದರು. “ವೈನಿನ್ನ ಕರಕೊಂಡ ಹೊಂಟೀರಿ, ಗಾಡಿ ಬರೋಬರಿ ಇರಬೇಕ್ರಿ” ಅಂದಿದ್ದರು. ಸುಶೀಲಾ ಅವರಿಗೆ ಯಾವಾಗಲೂ ವೈನಿ, ಅಂದರೆ ಅತ್ತಿಗೆ. ಹೊರಡುವ ದಿನ ಮುಂಜಾನೆ ನನಗೆ ಕೈಕಾಲು ಆಡಲಿಲ್ಲ. ವೈದ್ಯರು ಒಂದು ಕಣ್ಣು ಉಳಿಯುವ ಭರವಸೆ ಕೊಟ್ಟಿದ್ದರು, ಇನ್ನೊಂದರ ಮಾತು ಆಡಿರಲಿಲ್ಲ. ಅಂದು ಅಮಾವಾಸ್ಯೆಯೂ ಅಲ್ಲ. ಡಬ್ಬಿಯಿಂದ ಚಿಟಿಕೆಯಲ್ಲ, ಮುಷ್ಟಿ ತೆಗೆದುಕೊಂಡು ಹೋಗಿ ಗುಂಡಿಯ ಸಂದಿಗೆ ಸುರಿದೆ. ಚಮಚದ ಹಿಡಿಕೆಯಿಂದ ತಳ್ಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ತಳ್ಳಿದ್ದು ನಿಜ.

ಹೋಗುವಾಗ ಏನೂ ಆಗಲಿಲ್ಲ. ಆಪರೇಷನ್ ಮುಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಸುಶೀಲಾಳನ್ನು ಕೂರಿಸಿಕೊಂಡು ಬರುವಾಗ ಕಾಗವಾಡದ ತಿರುವಿನಲ್ಲಿ ಜೀಪು ಕಿರುಚಿತು. ಎಡಕ್ಕೆ ತಿರುಗಿಸಿದರೆ ಕುಂಯ್, ಬಲಕ್ಕೆ ತಿರುಗಿಸಿದರೆ ಕಿರ್ರ್. ಏನೂ ಕಾಣದೆ ಕೂತಿದ್ದ ಸುಶೀಲಾ ಪ್ರತಿ ಸಪ್ಪಳಕ್ಕೂ ನನ್ನ ತೋಳು ಹಿಡಿಯುತ್ತಿದ್ದಳು. “ಏನಾತ್ರಿ? ಏನ್ ಮುರೀತ್ರಿ?” ಎಂದು ಊರು ಬರುವವರೆಗೂ ಕೇಳಿದಳು. ಅವಳ ಹೆದರಿಕೆ ನನ್ನೊಳಗೆ ಸಿಟ್ಟಾಗಿ ಕೂತಿತು. ಅಪ್ಪನ ಸಿಟ್ಟು.

ಮರುವಾರ ನಿಪ್ಪಾಣಿಗೆ ಹೋದೆ. ಗ್ಯಾರೇಜಿನ ಮುಂದೆ ಚಹಾದ ಹೊತ್ತು, ಆರೇಳು ಮಂದಿ ಕೂತಿದ್ದರು. ಜೀಪಿನಿಂದ ಇಳಿಯುತ್ತಲೇ ಶುರು ಮಾಡಿದೆ. ಹೊಸ ಬುಷ್ ಹಾಕಿದೆನೆಂದು ಹೇಳಿ ಹಳೆಯದನ್ನೇ ಹಾಕಿದ್ದಾರೆಂದೆ. ಕಣ್ಣಿಗೆ ಕಾಣದ ಕಡೆ ಮೋಸ ಮಾಡುವವರು ಇರುತ್ತಾರೆಂದೆ. ಇಷ್ಟು ವರ್ಷ ‘ನೀವು’ ಎನ್ನುತ್ತಿದ್ದ ಬಾಯಿಂದ, “ನಿನ್ನ ನಂಬಿದ್ನಲ್ಲ, ನನ್ನ ಚಪ್ಪಲಿಲೇ ನಾ ಹೊಡ್ಕೋಬೇಕು” ಎಂಬ ಮಾತು ಬಂತು. ಮಾವಶಿ ಚಹಾ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಯಶವಂತರಾವ್ ಜೀಪು ಹತ್ತಿ ಕೂತರು. ಚಕ್ರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರು. ಹಾರ್ನಿನ ಗುಂಡಿ ಒತ್ತಿದರು. ಆಮೇಲೆ ತಮ್ಮ ಬೆರಳ ತುದಿ ನೋಡಿಕೊಂಡು ಅದನ್ನು ಪ್ಯಾಂಟಿಗೆ ಒರೆಸಿಕೊಂಡರು. ಕೆಳಗಿಳಿದು, “ಇರಬಹುದ್ರಿ ಗುರುಜಿ. ಬ್ಯಾರೆ ಕಡೆ ತೋರಸ್ರಿ” ಅಂದರು. ತಪ್ಪು ಒಪ್ಪಿಕೊಂಡ ಮನುಷ್ಯನ ಮಾತು ಅದು ಎಂದು ತಿಳಿದು, ಗೆದ್ದವನ ಹಾಗೆ ಜೀಪು ಹತ್ತಿದೆ.

ಆಮೇಲೆ ಶುರುವಾಯಿತು ನೋಡಿ ನನ್ನ ತಿರುಗಾಟ. ಚಿಕ್ಕೋಡಿಯಲ್ಲಿ ಒಬ್ಬರು ಜೀಪಿನ ಕೆಳಗೆ ಮಲಗಿ ಕಂಡ ಕಂಡ ಕೀಲಿಗೆಲ್ಲ ಗ್ರೀಸು ತುಂಬಿದರು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಮತ್ತೆ ಕುಂಯ್. ರಾಯಬಾಗದಲ್ಲಿ ಸ್ಟಿಯರಿಂಗಿನ ಪೆಟ್ಟಿಗೆಯ ಎಣ್ಣೆ ಬದಲಿಸಿದರು, ಮುಂದಿನ ಗಾಲಿಗಳ ಜೋಡಣೆ ಸರಿಪಡಿಸಿದರು, ಕೊನೆಗೆ “ಮಾರಿಬಿಡ್ರಿ ಸರ್” ಎಂದು ಕೈ ತೊಳೆದುಕೊಂಡರು. ಈ ನಡುವೆ ನಾನು ಅಮಾವಾಸ್ಯೆ ತಪ್ಪಿಸಲಿಲ್ಲ. ಸಪ್ಪಳ ಹೆಚ್ಚಾದಷ್ಟೂ ಭಯ, ಭಯ ಹೆಚ್ಚಾದಷ್ಟೂ ಭಂಡಾರ. ಒಳ್ಳೆಯದಾದದ್ದು ಒಂದೇ, ಸುಶೀಲಾಳ ಎರಡೂ ಕಣ್ಣು ಉಳಿದವು. ನಿಪ್ಪಾಣಿಯ ದಾರಿ ಮಾತ್ರ ಹಿಡಿಯಲಿಲ್ಲ. ಅತ್ತ ಹೋಗುವ ಕೆಲಸ ಬಿದ್ದರೆ ಬಸ್ಸಿಗೆ ಹೋಗುತ್ತಿದ್ದೆ, ತಂಬಾಕಿನ ಗೋದಾಮುಗಳು ಕಾಣುವಾಗ ಇನ್ನೊಂದು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಮೊನ್ನೆ ಸುಶೀಲಾಳ ಅಣ್ಣನ ದ್ರಾಕ್ಷಿ ತೋಟಕ್ಕೆಂದು ಅಥಣಿಗೆ ಹೋದಾಗ ಜೀಪಿನ ಕಿರುಚಾಟಕ್ಕೆ ತೋಟದ ನಾಯಿ ಹೆದರಿ ಬೊಗಳಿತು. ಸುಶೀಲಾಳ ಅಣ್ಣನೇ ನಮ್ಮನ್ನು ಮಲ್ಲಪ್ಪ ಎಂಬ ಮಿಸ್ತ್ರಿಯ ಹತ್ತಿರ ಕಳಿಸಿದ. ಮಲ್ಲಪ್ಪ ಮಾತಿನ ಮನುಷ್ಯ, ಆದರೆ ಕೆಲಸ ಶುರುವಾದಾಗ ಎಲ್ಲರನ್ನೂ ಸುಮ್ಮನಿರಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೆ ಒತ್ತಿ ಹಿಡಿದು, ಅದರ ತುದಿಯನ್ನು ಸ್ಟಿಯರಿಂಗಿನ ಕೊಳವೆಗೆ ತಾಗಿಸಿದ. ನನಗೆ ಚಕ್ರ ತಿರುಗಿಸಲು ಹೇಳಿದ. ಕೆಳಗೆ ತಾಗಿಸಿದ, ನಡುವೆ ತಾಗಿಸಿದ, ಮೇಲೆ ತಾಗಿಸಿದ.

“ಸಪ್ಪಳ ಇಲ್ಲಿ ಮ್ಯಾಲೈತ್ರಿ ಸರ್. ಎಲ್ಲಾರೂ ಕೆಳಗ ಹುಡುಕ್ಯಾರ” ಅಂದ.

ಹಾರ್ನಿನ ಗುಂಡಿ ತೆಗೆದ. ನಡುವಿನ ದೊಡ್ಡ ನಟ್ಟು ಬಿಚ್ಚಿ ಚಕ್ರವನ್ನು ಎಳೆದು ಹೊರಗೆ ತೆಗೆದ. ಚಕ್ರದ ಕೆಳಗೆ ದಂಡ ತಿರುಗುವ ಜಾಗದಲ್ಲಿ, ಬುಷ್ಷಿನ ಸುತ್ತ, ಮಣ್ಣಿನ ಹಾಗೆ ಗಟ್ಟಿಯಾದ ಏನೋ ತುಂಬಿಕೊಂಡಿತ್ತು. ಗ್ರೀಸನ್ನೆಲ್ಲ ಅದೇ ಕುಡಿದುಬಿಟ್ಟಿತ್ತು. ಮಲ್ಲಪ್ಪ ಒಂದಿಷ್ಟು ಕೆರೆದು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದ. ಆಮೇಲೆ ಸಾಬೂನಿನ ಪುಡಿ ಕಲಸಿದ ನೀರಿನ ಡಬ್ಬಿಯಲ್ಲಿ ಕೈ ಅದ್ದಿದ. ಅವನ ಬೆರಳು ಕೆಂಪಾದವು. ಮೂವತ್ತು ವರ್ಷ ನಾನು ಮಕ್ಕಳ ಮುಂದೆ ಮಾಡಿದ ಪ್ರಯೋಗ ನನ್ನ ಮುಂದೆಯೇ ನಡೆಯಿತು. ವಿಜ್ಞಾನದ ಮಾಸ್ತರನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

“ಭಂಡಾರ ರಿ ಇದು” ಎಂದು ಮಲ್ಲಪ್ಪ ನಕ್ಕ. “ಕೊಕಟನೂರ ಎಲ್ಲಮ್ಮಗ ಹೋಗಿ ಬರೂ ಗಾಡ್ಯಾಗ ನಾ ಭಾಳ ನೋಡೇನಿ. ಆದ್ರ ಅವರು ಬಾನೆಟ್ ಮ್ಯಾಲೆ ಹಚ್ಚತಾರ, ಗಾಳಿಗೆ ಹಾರಿ ಹೋಗತೈತಿ. ನಿಮ್ಮದನ್ನ ಹಿಂಗ ಸಂದ್ಯಾಗ ತುರುಕಿದವರು ಯಾರ್ರಿ?”

“ನಮ್ಮ ಮನಿಯಾಕಿ” ಅಂದೆ.

ಬಾಯಿಂದ ಅದು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯ. ಸುಶೀಲಾ ನಾಲ್ಕು ಮಾರು ಆಚೆ ಬೇವಿನ ಗಿಡದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಕೇಳಿಸಿಕೊಂಡಳು. ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನೋಡುತ್ತ ಕೂತಳು.

ಮಲ್ಲಪ್ಪ ಟಾರ್ಚು ಹಿಡಿದು ಇನ್ನೊಮ್ಮೆ ಒಳಗೆ ನೋಡಿದ. “ಮೊದಲ ಇದನ್ನ ಯಾರೋ ಸಾಫ್ ಮಾಡ್ತಿದ್ರು ನೋಡ್ರಿ. ಕೆರದ ಗುರುತ ಎಷ್ಟ ನಾಜೂಕ ಅದಾವ. ಒಂದ ಸಲ ಅಲ್ಲ, ಭಾಳ ಸಲ. ಬುಷ್ ಸೈತ ಹೊಸಾದೈತಿ, ಚಲೋ ಮಾಲು. ಭಂಡಾರ ಎಲ್ಲಿ ಇಟ್ಟಾರ ಅವರು?”

“ಯಾವ ಭಂಡಾರ?”

“ತಗದ ಭಂಡಾರ ರಿ. ದೇವರದನ್ನ ಗಟಾರಕ್ಕ ಚೆಲ್ಲೂದಿಲ್ಲ ನಾವು. ಪುಡಿಕಿ ಕಟ್ಟಿ ಗಾಡ್ಯಾಗ ಇಡತೇವಿ.”

ನಾನು ರಬ್ಬರ್ ಬ್ಯಾಂಡ್ ಬಿಚ್ಚಿ ಖಾನೆ ತೆರೆದೆ.

ಏಳು ಪೊಟ್ಟಣ. ಎಲ್ಲದರಲ್ಲೂ ಹಳದಿ ಪುಡಿ, ಗ್ರೀಸು ಕೂಡಿ ಉಂಡೆ ಉಂಡೆಯಾದದ್ದು. ಕೆಲವು ಕಾಗದಗಳು ಬಣ್ಣ ಕೆಟ್ಟು ಮುಟ್ಟಿದರೆ ಮುರಿಯುವಷ್ಟು ಹಳತು, ಕೆಲವು ಇನ್ನೂ ಗಟ್ಟಿ. ಏಳೂ ಮರಾಠಿ ಪತ್ರಿಕೆಯ ತುಣುಕುಗಳು. ನಮ್ಮ ಮನೆಗೆ ಬರುವುದು ಕನ್ನಡ ಪತ್ರಿಕೆ. ಒಂದೊಂದರ ಮಡಿಕೆಯ ಮೇಲೂ ಹೆಬ್ಬೆರಳಿನ ಕಪ್ಪು ಗುರುತು ಇತ್ತು.

ಆಗ ನೆನಪಾಯಿತು, ಅಂದು ನಿಪ್ಪಾಣಿಯಲ್ಲಿ ಯಶವಂತರಾವ್ ನೋಡಿಕೊಂಡ ಬೆರಳ ತುದಿ. ಹಾರ್ನು ಒತ್ತಿದ ಬೆರಳಿಗೆ ಹಳದಿ ಹತ್ತಿತ್ತು. ಅವರಿಗೆ ಆ ಕ್ಷಣವೇ ಎಲ್ಲ ಗೊತ್ತಾಗಿತ್ತು. ಆ ಬೆರಳನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು, ನನ್ನ ಮಾತು ಬಿದ್ದುಹೋಗುತ್ತಿತ್ತು, ಆರೇಳು ಮಂದಿ ನನ್ನ ಮೋರೆಗೆ ನಗುತ್ತಿದ್ದರು. ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಹತ್ತ ಮಿನಿಟಿನ್ಯಾಗ ಸಾಫ್ ಮಾಡಿಬಿಡ್ತೇನ್ರಿ” ಎಂದು ಮಲ್ಲಪ್ಪ ಬಟ್ಟೆ ಕೈಗೆ ತೆಗೆದುಕೊಂಡ.

“ಬ್ಯಾಡ. ಹಂಗ ಮುಚ್ಚರಿ” ಅಂದೆ. “ಇದು ಬ್ಯಾರೆಯವರ ಕೆಲಸ.”

ಅವನು ನನ್ನನ್ನು, ಆಮೇಲೆ ಸುಶೀಲಾಳನ್ನು ನೋಡಿ, ನಟ್ಟು ಬಿಗಿದು ಕೊಟ್ಟ.

ಕೃಷ್ಣಾ ಸೇತುವೆ ದಾಟುವವರೆಗೆ ನಮ್ಮಿಬ್ಬರ ನಡುವೆ ಮಾತಾಡಿದ್ದು ಸ್ಟಿಯರಿಂಗ್ ಒಂದೇ. ಸೇತುವೆಯಾಚೆ ಸುಶೀಲಾ ಬಾಯಿ ಬಿಟ್ಟಳು.

“ಆ ಪುಡಿಕಿ ನೀವ ಕಟ್ಟಿ ಇಟ್ಟೀರಿ ಅಂತ ತಿಳದಿದ್ನಿ.”

“ನಾ ಹಾಕತೇನಿ ಅಂತ ನಿನಗ ಗೊತ್ತಿತ್ತಾ?”

“ಅಮಾಸಿ ಮರುದಿವಸ ನಿಮ್ಮ ಅಂಗಿ ತೋಳಿಗೆ ಸಾಬೂನ ಹಚ್ಚಿದ್ರ ಕೆಂಪ ಆಗತೈತಿ. ನೀವ ಹೇಳಿಕೊಟ್ಟ ಪಾಠ ಅಲ್ಲೇನ್ರಿ?”

ನನಗೆ ನಗು ಬಂತು. ಎಂಟೊಂಬತ್ತು ವರ್ಷ ಇವಳು ನನ್ನ ತೋಳು ತಿಕ್ಕುತ್ತ ಸುಮ್ಮನಿದ್ದಳು. “ಅಲ್ಲಿ ನಿನ್ನ ಹೆಸರು ಹೇಳಬಾರದಿತ್ತು” ಅಂದೆ.

“ನಂದಿರಲಿ ಬಿಡ್ರಿ. ಆ ಮಲ್ಲಪ್ಪಗ ನಾ ಯಾರೋ ಏನೋ” ಅಂದಳು. “ಮಿಸ್ತ್ರಿಯವರನ್ನ ಅವರ ಅಂಗಡಿ ಮುಂದ, ದಿನಾ ಮಾರಿ ನೋಡೂ ಮಂದಿ ಎದುರಿಗೆ ಕಳ್ಳ ಅಂದೀರಿ. ಅದನ್ನೇನ್ ಮಾಡತೀರಿ?”

ಮೊದಲು ಹೊಳೆದದ್ದು ಫೋನು. ಫೋನಿನಲ್ಲಿ ಕ್ಷಮೆ ಕೇಳಿದರೆ ಯಾರಿಗೂ ಕೇಳಿಸುವುದಿಲ್ಲ, ಬಹಳ ಸುಲಭ. ಆಮೇಲೆ ಹೊಳೆದದ್ದು, ಬೆಳಿಗ್ಗೆ ಬೇಗ ಗ್ಯಾರೇಜು ತೆಗೆಯುವ ಹೊತ್ತಿಗೆ ಹೋಗುವುದು, ಆಗಲೂ ಯಾರೂ ಇರುವುದಿಲ್ಲ. ಭಂಡಾರವನ್ನು ಸಂದಿಗೆ ತಳ್ಳಿದ ಬುದ್ಧಿಯೇ ಈಗಲೂ ಕೆಲಸ ಮಾಡುತ್ತಿದೆ ಎಂದು ಗೊತ್ತಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಚಹಾದ ಹೊತ್ತಿಗೆ ಸರಿಯಾಗಿ ನಿಪ್ಪಾಣಿ ಮುಟ್ಟುವ ಹಾಗೆ ಹೊರಟೆ. ಗೋದಾಮಿನ ತಿರುವಿನಲ್ಲಿ ಜೀಪು ಕಿರುಚಿದ್ದನ್ನು ಕೇಳಿ ಗ್ಯಾರೇಜಿನ ಮುಂದೆ ಕೂತಿದ್ದವರೆಲ್ಲ ತಲೆ ಎತ್ತಿದರು. ಅವರಲ್ಲಿ ಮೂವರು ಅಂದು ಇದ್ದವರೇ. ಮಾವಶಿ ನನ್ನನ್ನು ಗುರುತಿಸಿದಳು, ಆದರೆ ‘ಬರ್ರಿ’ ಅನ್ನಲಿಲ್ಲ. ಯಶವಂತರಾವ್ ಒಂದು ಟೆಂಪೋದ ಗಾಲಿ ಬಿಚ್ಚುತ್ತಿದ್ದರು. ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತು, ಕೈ ಒರೆಸಿಕೊಂಡು, “ಬರ್ರಿ ಗುರುಜಿ” ಅಂದರು, ನಿನ್ನೆ ಬಂದು ಹೋದವನಿಗೆ ಅನ್ನುವ ಹಾಗೆ.

ಸಾವಿರ ಮಂದಿಯ ಮುಂದೆ ಭಾಷಣ ಮಾಡಿದವನು ನಾನು. ಅಂದು ನನ್ನ ಮುಂದಿದ್ದವರು ಬರೀ ಏಳೆಂಟು ಮಂದಿ. ಏಳು ಪೊಟ್ಟಣಗಳನ್ನು ಮಾವಶಿಯ ಚಹಾದ ಮೇಜಿನ ಮೇಲೆ ಸಾಲಾಗಿ ಇಟ್ಟೆ.

“ಎರಡು ವರ್ಷದ ಹಿಂದ ಇಲ್ಲೇ ನಿಂತು ಯಶವಂತರಾವ್ ಅವರಿಗೆ ಮೋಸಗಾರ ಅಂದಿದ್ದೆ. ಸ್ಟೇರಿಂಗ ಕೆಡಿಸಿದವನು ನಾನು. ಅಮಾಸಿಗೊಮ್ಮೆ ಕಳ್ಳನಂಗ ಹಾರ್ನಿನ ಸಂದ್ಯಾಗ ಭಂಡಾರ ತುಂಬ್ತಿದ್ದೆ. ಅದನ್ನ ಇವರು ವರ್ಷಾ ವರ್ಷಾ ತಗದು, ಪುಡಿಕಿ ಕಟ್ಟಿ ನನ್ನ ಗಾಡ್ಯಾಗ ಇಡ್ತಿದ್ರು. ಇವರಿಗೆಲ್ಲಾ ಗೊತ್ತಿತ್ತು, ಆದ್ರೂ ಆವತ್ತ ನನ್ನ ಮರ್ಯಾದಿ ತಗೀಲಿಲ್ಲ. ಇವರ ಮರ್ಯಾದಿ ನಾ ತಗದೆ. ತಪ್ಪು ನಂದು. ನೀವೆಲ್ಲಾ ಕೇಳಬೇಕು ಅಂತ ಈ ಹೊತ್ತಿಗೆ ಬಂದೇನಿ.”

ಯಾರೋ ಒಬ್ಬ ಡ್ರೈವರ್ ಫಕ್ಕನೆ ನಕ್ಕ. “ನಿಂಬಿಹಣ್ಣಿಗೆ ನಗತಿದ್ದ ಗುರುಜಿ ಅಲ್ಲ ಇವರು?” ಎಂದು ಪಕ್ಕದವನಿಗೆ ಕೇಳಿದ. ಮಾವಶಿ ಸೌಟು ಎತ್ತಿದಳು, ಅವನು ಬಾಯಿ ಮುಚ್ಚಿದ. ನಗು ನನಗೆ ಸಲ್ಲಬೇಕಾದದ್ದೇ, ಮುಖ ಕೆಳಗೆ ಹಾಕಿ ಇಸಿದುಕೊಂಡೆ.

ಯಶವಂತರಾವ್ ಅವರ ಕಿವಿ ಕೆಂಪಾಗಿದ್ದವು. “ಬಸ್ ಬಸ್ ಗುರುಜಿ, ಕೀಲಿ ಕೊಡ್ರಿ” ಅಂದರು.

ಜೀಪಿನ ಪಕ್ಕದಲ್ಲಿ ಅವರು ಚಕ್ರ ಬಿಚ್ಚುತ್ತಿರುವಾಗ ಸಣ್ಣ ದನಿಯಲ್ಲಿ ಕೇಳಿದೆ, “ನೀವು ಇದನ್ನೆಲ್ಲಾ ನಂಬೂದಿಲ್ಲ. ನನಗ ಒಂದ ಮಾತ ಹೇಳಿ ಕಸದಾಗ ಒಗೀಬಹುದಿತ್ತಲ್ಲ?”

“ನಾ ನಂಬೂದಿಲ್ರಿ” ಅಂದರು ತಲೆಯೆತ್ತದೆ. “ಆದ್ರ ನೀವು ಮುಚ್ಚಿ ಇಟ್ಟಿದ್ರಿ. ಮುಚ್ಚಿ ಇಟ್ಟದ್ದು ಅಂದ್ರ ಜೀವಕ್ಕ ಹತ್ತಿದ್ದ ಇರಬೇಕು ಅಂದ್ಕೊಂಡ್ನಿ. ಒಗ್ಯಾಕ ಕೈ ಬರಲಿಲ್ಲ.”

“ಮತ್ತ ಆವತ್ತರೆ ಹೇಳಬೇಕಿತ್ತು.”

“ನಾಕ ಮಂದ್ಯಾಗ ಹ್ಯಾಂಗ ಹೇಳಲ್ರಿ? ನಾವು ಮಿಸ್ತ್ರಿ ಮಂದಿ, ಬೈಸ್ಕೊಳ್ಳೂದು ದಿನಾ ಇದ್ದದ್ದ. ನಿಮ್ಮ ಮಾತ ಕೇಳಿ ಎಷ್ಟ ಹುಡುಗರು ಕಲ್ತಾವ.”

ಅವ್ವನ ಮಾತು ಹೇಳಿದೆ. ಟ್ರ್ಯಾಕ್ಟರಿನ ಮಾತು, ಕಿಸೆಯ ಗಂಟಿನ ಮಾತು. ಕೆರೆಯುವುದನ್ನು ನಿಲ್ಲಿಸಿ ಕೇಳಿದರು, ಒಂದೆರಡು ಸಲ ತಲೆಯಾಡಿಸಿದರು. ಆಮೇಲೆ ಗೋಡೆಯ ಪತ್ರಿಕೆಯಿಂದ ಒಂದು ತುಣುಕು ಹರಿದು, ಕೆರೆದು ತೆಗೆದ ಭಂಡಾರವನ್ನು ಒಂದು ಕಣವೂ ಚೆಲ್ಲದ ಹಾಗೆ ಅದಕ್ಕೆ ಸುರಿದು ಮಡಿಚಿದರು. ಹೊಸ ಗ್ರೀಸು ಹಚ್ಚಿ ಚಕ್ರ ಕೂರಿಸಿ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಎರಡು ವರ್ಷದ ಕಿರುಚಾಟ ನಿಂತುಹೋಗಿತ್ತು.

ಪೊಟ್ಟಣ ಹಿಡಿದ ಅವರ ಕೈ ರೂಢಿಯಂತೆ ಎಡಗಡೆಯ ಖಾನೆಗೆ ಹೋಯಿತು. ಮುಚ್ಚಳದ ಹತ್ತಿರ ನಿಂತು, ತಿರುಗಿ ಬಂದು, ಎಲ್ಲರೂ ನೋಡುತ್ತಿದ್ದಂತೆಯೇ ಅದನ್ನು ನನ್ನ ಅಂಗೈಯಲ್ಲಿಟ್ಟಿತು.

“ಬಾನೆಟ್ ಮ್ಯಾಲೆ ಹಚ್ಚರಿ ಇನ್ನ” ಅಂದರು. ನಾನು ಹೂಂ ಅಂದೆ.

ಪಾನಾವನ್ನು ಗೋಡೆಗೆ ತೂಗುಹಾಕಿ ಕೈ ಒರೆಸಿಕೊಂಡರು. ಆಮೇಲೆ, ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಕೇಳುವವರ ಹಾಗೆ ಕೇಳಿದರು.

“ಗುರುಜಿ, ವೈನಿ ಕಣ್ಣು ಹ್ಯಾಂಗದಾವ್ರಿ ಈಗ? ಅವತ್ತ ಕೇಳಬೇಕಂತ ಇದ್ನಿ. ಕೇಳಾಕ ಆಗಲಿಲ್ಲ.”